ಯಮ ಕೂತ ಎಮ್ಮೆ

ಜೇವರ್ಗಿಯ ನೀಲಗಂಗಮ್ಮ ಹಾಲು ಮಾರಿಯೇ ಬದುಕಿದಾಕೆ. ಓಣಿಯ ಮಕ್ಕಳೆಲ್ಲ ಅವಳ ಎಮ್ಮೆಯ ಹಾಲು ಕುಡಿದೇ ಬೆಳೆದವರು. ಊರಿಗೆ ಬಂದ ಸಿನಿಮಾದವರಿಗೆ ಯಮನನ್ನು ಕೂರಿಸಲು ಕೋಣ ಸಿಗಲಿಲ್ಲ. ಅವಳ ಎಮ್ಮೆಯನ್ನೇ ಕರೆದೊಯ್ದು, ಕೆಚ್ಚಲಿಗೆ ಕರಿಬಟ್ಟೆ ಸುತ್ತಿ, ಕೊಂಬಿಗೆ ಕುಂಕುಮ ಬಳಿದರು. ಯಮನ ವೇಷದವನ ಜೊತೆ ಓಣಿಯವರೆಲ್ಲ ಹಲ್ಲು ಕಿರಿದು ಸೆಲ್ಫಿ ತೆಗೆದುಕೊಂಡರು.

ಸಿನಿಮಾ ಬಂದ ಮೇಲೆ ಅವಳ ಹಾಲು ಯಾರಿಗೂ ಬೇಡವಾಯಿತು.

“ಬ್ಯಾಡವ್ವ, ಯಮ ಕುಂತ ಎಮ್ಮಿ ಹಾಲು ಮಕ್ಕಳಿಗಿ ಹ್ಯಾಂಗ ಕುಡಿಸಲಿ?” ಎಂದಳು ಎದುರುಮನೆಯ ಬಸವೇಶ್ವರಿ.

ಅವಳ ಹಿಂದೆ ಗೋಡೆಯ ಮೇಲೆ, ಬಸವಣ್ಣನ ಪಟದ ಪಕ್ಕದಲ್ಲೇ, ಯಮನ ಜೊತೆ ಅವಳು ನಗುತ್ತ ನಿಂತ ಫೋಟೊ ತೂಗುತ್ತಿತ್ತು.

ನೀಲಗಂಗಮ್ಮನಿಗೆ ಹೇಸಿಗೆಯಾಯಿತು.

“ಹಾಲು ಕೊಟ್ಟ ಎಮ್ಮಿ ಹೊರಗ, ಯಮ ನಿನ್ನ ನಡುಮನ್ಯಾಗ. ಥೂ!”