ಅರಿಶಿನ ಹತ್ತಿದ ಕರಿಕೋಟು

ಅವರ ಕರಿಕೋಟಿನ ಬಲತೋಳಿನ ಅಂಚಿಗೆ ಸದಾ ಅರಿಶಿನದ ಕಲೆ ಇರುತ್ತಿತ್ತು. ರಾಯಚೂರಿನ ಕೋರ್ಟಿನಲ್ಲಿ ನನ್ನ ಪಕ್ಕದ ಮೇಜಿನ ವಕೀಲರು ಅವರು. ಬಂದವರ ಬಾಯಲ್ಲಿ ‘ವಕೀಲಕ್ಕ’. ನನ್ನ ಕೋಟು ವಾರವಾರ ಇಸ್ತ್ರಿ ಕಾಣುತ್ತಿತ್ತು. ಆದರೂ ದೇವದುರ್ಗದ, ಮಾನ್ವಿಯ ಬಸ್ಸಿಳಿದ ಹೆಣ್ಣುಮಕ್ಕಳು ನನ್ನ ಮೇಜು ದಾಟಿಕೊಂಡೇ ಅವರಲ್ಲಿಗೆ ಹೋಗುತ್ತಿದ್ದರು. “ಕುಂದ್ರು ಬಾ ಯವ್ವಾ” ಎಂದು ಕುರ್ಚಿ ಸರಿಸಿದರೆ, “ಬ್ಯಾಡ್ರಿ, ಅಕ್ಕಾರು ಬರೋತನ ನಿಂದರ್ತೀನ್ರಿ” ಎನ್ನುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು; ಡಾಕ್ಟರರು ಆಸಿಡಿಟಿ ಎಂದು ಗುಳಿಗೆ ಬರೆದುಕೊಟ್ಟರು.

ಆ ಕಲೆಗೆ ಕಾರಣವಿತ್ತು. ತಮ್ಮ ಬಳಿ ಬಂದ ಯಾವ ಹೆಣ್ಣುಮಗಳಿಗೆ ವಿಚ್ಛೇದನದ ಆದೇಶ ಸಿಕ್ಕರೂ, ಆ ದಿನ ಅವರು ಅವಳನ್ನು ಕೋರ್ಟಿನ ಬೇವಿನ ಮರದ ಕೆಳಗೆ ನಿಲ್ಲಿಸಿ, ಸೆರಗಿಗೆ ಅರಿಶಿನದಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬುತ್ತಿದ್ದರು.

“ಗಂಡನ್ನ ಬಿಟ್ಟಾಕಿಗಿ ಎಂಥಾ ಉಡಿ ಬಿಡ್ರಿ ಮೇಡಂ” ಎಂದು ಒಮ್ಮೆ ಕೆಣಕಿದೆ.

“ಗಂಡಗ ತುಂಬಾಕತ್ತಿಲ್ರಿ ಸಾಹೇಬ್ರ, ಈಕಿಗಿ ತುಂಬಾಕತ್ತೀನಿ. ಹೆಣ್ಣುಮಗಳು ಬರೇ ಉಡಿಲೆ ಹೊಸ್ತಿಲ ದಾಟಬಾರದು.”

ಆಮೇಲೆ ನನ್ನ ಮಗಳೇ ಪೋತ್ನಾಳದ ಅತ್ತೆಮನೆಯಿಂದ ತಿರುಗಿ ಬಂದಳು. ಒಡವೆಯೆಲ್ಲ ಅತ್ತೆಯ ತಿಜೋರಿಯಲ್ಲೇ ಉಳಿದಿತ್ತು. ಚಿಂತೆಯಲ್ಲಿ ನಾನು ಅರ್ಧ ವಕೀಲ, ಅರ್ಧ ರೋಗಿ. “ಬಂಗಾರ ಹೋದ್ರ ಹೋಗ್ಲಿ, ಡೈವೋರ್ಸ್ ಕಾಗದಕ್ಕ ಸಹಿ ಮಾಡಿ ಮುಗಿಸವ್ವಾ. ಮಂದಿ ಏನಂತಾರ?” ಎಂದೆ. ಮರುದಿನ ಅವಳು ನನ್ನ ಜೊತೆಗೇ ಕೋರ್ಟಿಗೆ ಬಂದು, ನನ್ನ ಮೇಜು ದಾಟಿ, ಪಕ್ಕದ ಮೇಜಿಗೆ ಹೋಗಿ ಕುಳಿತಳು.

“ತವರಿನವರು ಕೊಟ್ಟ ಬಂಗಾರ ನಿಂದ ಅದವ್ವಾ. ಬಿಟ್ಟು ಬರೋದು ದೊಡ್ಡಸ್ತಿಕಿ ಅಲ್ಲ, ಅಂಜಿಕಿ” ಎಂದರು ವಕೀಲಕ್ಕ. ನನ್ನ ಕಡೆ ನೋಡಲಿಲ್ಲ, ನನಗೇ ಹೇಳಿದ್ದು.

ಒಡವೆ ಕೈಗೆ ಬಂದ ಮೇಲೆಯೇ ಅವರು ಒಪ್ಪಂದಕ್ಕೆ ಸಹಿ ಹಾಕಿಸಿದರು. ಜೀವನಾಂಶವನ್ನೂ ಒಂದೇ ಕಂತಿನಲ್ಲಿ ಕೊಡಿಸಿದರು. ನಾನಾಗಿದ್ದರೆ ಇನ್ನೂ ಚೆನ್ನಾಗಿ ವಾದಿಸುತ್ತಿದ್ದೆ ಎಂದು ಮನೆಯ ಕನ್ನಡಿಯ ಮುಂದೆ ವಾದಿಸಿದೆ.

ಆದೇಶದ ದಿನ ಮಗಳು ಬೇವಿನ ಕೆಳಗೆ ವಕೀಲಕ್ಕನ ಮುಂದೆ ಸೆರಗೊಡ್ಡಿ ನಿಂತಳು. ತುಂಬಬೇಕಾದವರು ತವರಿನ ನಾವು. ನನಗೂ ಹೊಳೆದಿರಲಿಲ್ಲ, ನನ್ನ ಹೆಂಡತಿಗೂ ಹೊಳೆದಿರಲಿಲ್ಲ.

ಹೋದ ವರ್ಷ ವಕೀಲಕ್ಕ ತೀರಿಕೊಂಡರು. ಕೋರ್ಟಿನಿಂದ ಕೋಟಿನಲ್ಲೇ ಮಗಳನ್ನು ಕರೆದುಕೊಂಡು ಮಸರಕಲ್ಲಿನ ಅವರ ತವರುಮನೆಗೆ ಹೋದೆ. ಅಂಗಳದಲ್ಲಿ ಹಿರಿಯರು ತರ್ಕಕ್ಕೆ ನಿಂತಿದ್ದರು: “ಡೈವೋರ್ಸ್ ಆದಾಕಿ. ಮುತ್ತೈದಿ ಅನ್ನಬೇಕೋ ಬ್ಯಾಡೋ? ಉಡಿ ಹ್ಯಾಂಗ ತುಂಬೋದು?” ಅವರ ಬದುಕಿನ ಈ ಸಂಗತಿ ನನಗೆ ತಿಳಿದದ್ದೇ ಆಗ. ಅಷ್ಟು ವರ್ಷ ಪಕ್ಕ ಕುಳಿತು ನಾನು ನೋಡಿದ್ದು ಅವರ ಮೇಜಿನ ಮುಂದಿನ ಮಂದಿಯ ಸಾಲನ್ನಷ್ಟೇ.

“ದಾರಿ ಬಿಡ್ರಿ ಯಪ್ಪಾ” ಎಂದು ಮಗಳು ಒಳಗೆ ನುಗ್ಗಿದಳು. ತಾನೇ ಅಕ್ಕಿಗೆ ಅರಿಶಿನ ಕಲಸಿ, ಉಡಿ ತುಂಬಿ, ಅವರ ಎದೆಯ ಮೇಲೆ ಬಿದ್ದು ಅತ್ತಳು. ನನಗಾಗಿ ಇವಳು ಇಷ್ಟು ಅಳುತ್ತಾಳೆಯೇ? ಆ ಹಾಳು ಹೊಟ್ಟೆಕಿಚ್ಚು ಹೆಣದ ಮುಂದೆಯೂ ಆರಲಿಲ್ಲ.

ಮರಳಿ ಬರುವಾಗ ಅವಳು ಬಸ್ಸಿನಲ್ಲಿ ನನ್ನ ತೋಳು ಹಿಡಿದು ಮಲಗಿದಳು. ಮನೆಗೆ ಬಂದು ನೋಡಿದರೆ ನನ್ನ ಕೋಟಿಗೂ ಅರಿಶಿನ ಹತ್ತಿತ್ತು. ಹೆಂಡತಿ ಒಗೆಯಲು ಕೇಳುತ್ತಲೇ ಇದ್ದಾಳೆ. ನಾನು ಕೊಟ್ಟಿಲ್ಲ.