ಫಜಿಂದಾರರ ನೆಲ, ಮಾಯಿಯ ಮನೆ

ಮುಂಬಯಿಗೆ ಬಂದ ಮರುದಿನವೇ ನಾನು ಕಳ್ಳಿ ಎನಿಸಿಕೊಂಡೆ. ಅರವತ್ತರ ದಶಕದ ಕೊನೆ. ಮದುವೆಯಾಗಿ ಉಡುಪಿಯ ಕಡೆಯಿಂದ ಮಾಹಿಮ್‌ಗೆ ಬಂದಿದ್ದೆ. ಗಂಡನಿಗೆ ಮಾಟುಂಗದ ಹೋಟೆಲಿನಲ್ಲಿ ದೋಸೆ ಹೊಯ್ಯುವ ಕೆಲಸ. ಮುಂಬಯಿಯೆಂದರೆ ಬರೀ ಬಿಲ್ಡಿಂಗು ಎಂದುಕೊಂಡಿದ್ದವಳಿಗೆ ಬಾಡಿಗೆ ಕೋಣೆಯ ಕಿಟಕಿ ತೆರೆದರೆ ತೆಂಗಿನ ತೋಟ! ಖುಷಿಯಾಗಿ, ಅಂಗಳದಲ್ಲಿ ಬಿದ್ದಿದ್ದ ಗರಿಯ ಮಡಲೊಂದನ್ನು ಎಳೆದುಕೊಂಡು ಬಂದು, ಕಡ್ಡಿ ಬಿಡಿಸಿ ಕಸ ಗುಡಿಸುವ ಹಿಡಿಸೂಡಿ ಮಾಡಲು ಕುಳಿತೆ. ಮನೆಯ ಒಡತಿ ರೋಜಾ ಮಾಯಿ ಹೊರಗೆ ಬಂದವಳೇ ಮರಾಠಿಯಲ್ಲಿ ಕೂಗಾಡಿದಳು. ನನಗೆ ಅರ್ಥವಾದದ್ದು ಸಿಟ್ಟು ಮಾತ್ರ.

"ಬಿದ್ದ ಮಡಲೂ ಫಜಿಂದಾರರದ್ದಂತೆ. ಇನ್ನು ಮುಟ್ಬೇಡ ಮಾರಾಯ್ತಿ," ಎಂದು ರಾತ್ರಿ ಗಂಡ ಹೇಳಿದರು. ಫಜಿಂದಾರ ಎಂದರೆ ನೆಲದ ಒಡೆಯ. ಪೋರ್ಚುಗೀಸರ ಕಾಲದಿಂದ ಉಳಿದ ಮಾತು. ಮನೆ ಮಾಯಿಯದು, ಅದು ನಿಂತ ನೆಲ ಮತ್ತು ಮರಗಳು ಫಜಿಂದಾರರವು. ಊರಿನಲ್ಲಿ ನಾವೂ ಧಣಿಗಳ ಒಕ್ಕಲೇ. ಆದರೆ ಬಿದ್ದ ಮಡಲಿಗೆ ನಮ್ಮ ಧಣಿಗಳು ಯಾವತ್ತೂ ತಕರಾರು ತೆಗೆದವರಲ್ಲ.

ಕೂಗಾಡಿದ ಮಾಯಿಯೇ ಕ್ರಮೇಣ ನನಗೆ ಮರಾಠಿ ಕಲಿಸಿದಳು. ಮಾಯಿ ಎಂದರೆ ಅಲ್ಲಿಯ ಕ್ರಿಶ್ಚಿಯನ್ನರಲ್ಲಿ ಅಮ್ಮ. ಅಮ್ಮನ ನೆನಪಾಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತ ದಿನಗಳಲ್ಲಿ ಅವಳು ಏನೂ ಕೇಳದೆ ಒಂದು ಬಟ್ಟಲು ಮೀನಿನ ಸಾರು ತಂದಿಡುತ್ತಿದ್ದಳು. ಸಾರಿನಲ್ಲಿ ನಮ್ಮ ಖಾರವಿರಲಿಲ್ಲ. ಆದರೂ ಬಟ್ಟಲು ಖಾಲಿಯಾಗುತ್ತಿತ್ತು.

ಮೀನು ಕೊಯ್ಯುತ್ತಾ ಅವಳು ಹಳೆಯದನ್ನು ಹೇಳುತ್ತಿದ್ದಳು. ಮಾಹಿಮ್ ಹಿಂದೆ ಬೇರೆಯೇ ದ್ವೀಪವಾಗಿತ್ತು. ಪೋರ್ಚುಗೀಸರು ತೆಂಗಿನ ತೋಟಗಳನ್ನು ತಮ್ಮವರಿಗೂ ಪಾದ್ರಿಗಳಿಗೂ ಹಂಚಿಕೊಟ್ಟರು. ಅವರ ನಂತರ ಇಂಗ್ಲಿಷರು ಬಂದರು. ಮರಗಳ ಬುಡಕ್ಕೆ ಕೊಳೆತ ಮೀನಿನ ಗೊಬ್ಬರ ಹೊತ್ತು ಹಾಕಿದವರು ಮಾತ್ರ ಅದೇ ಹೆಂಗಸರು, ಮಾಯಿಯ ಅಜ್ಜಿಯ ಅಜ್ಜಿಯರು. ನಾತ ತಾಳದೆ ಇಂಗ್ಲಿಷರು ಆ ಗೊಬ್ಬರವನ್ನೇ ನಿಷೇಧಿಸಿದ್ದರಂತೆ.

"ಸಾಹೇಬನಿಗೆ ಎಳನೀರು ಬೇಕು, ವಾಸ ನಕೋ," ಎಂದು ನಕ್ಕಳು. ವಾಸ ಎಂದರೆ ನಾತ, ನಕೋ ಎಂದರೆ ಬೇಡ. ನನ್ನ ಅಜ್ಜಿಯೂ ಧಣಿಗಳ ತೋಟಕ್ಕೆ ಬೂತಾಯಿ ಮೀನಿನ ಗೊಬ್ಬರ ಹೊತ್ತವಳೇ ಎಂದೆ. ಅಂದಿನಿಂದ ಅವಳು ನನ್ನನ್ನು ಬಾಡಿಗೆಯವಳಂತೆ ನೋಡಲಿಲ್ಲ.

ಕೆಲವು ವರ್ಷ ಕಳೆದವು. ಫಜಿಂದಾರರು ತೋಟವನ್ನು ಬಿಲ್ಡರ್ ಒಬ್ಬನಿಗೆ ಮಾರಿದರು. ಅವನ ಮನುಷ್ಯ ಬಾಗಿಲಲ್ಲೇ ನಿಂತು ಮಾಯಿಗೆ ಹೇಳಿದ, "ಘರ್ ತುಮ್ಹಾರಾ ಹೈ ನಾ? ಖೋಲ್ ಕೆ ಲೇ ಜಾವ್. ಜಮೀನ್ ಛೋಡೋ." ಮನೆ ನಿನ್ನದಾದರೆ ಬಿಚ್ಚಿಕೊಂಡು ಹೋಗು, ನೆಲ ಬಿಡು! ಮಾಯಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ನಿಂತಿದ್ದಳು.

ಅದೇ ವಾರ ಊರಿನಿಂದ ತಮ್ಮ ಬಂದ. ಅವನ ಕಾಲು ನೆಲದ ಮೇಲಿರಲಿಲ್ಲ. "ಡಿಕ್ಲರೇಶನ್ ಆಯ್ತು ಅಕ್ಕ! ಇನ್ನು ಧಣಿಗಳಿಗೆ ಗೇಣಿ ಕೊಡ್ಲಿಕ್ಕಿಲ್ಲ. ಭೂಮಿ ನಮ್ದೇ!" ಉಳುವವನಿಗೇ ನೆಲ ಎಂಬ ಕಾನೂನು ನಮ್ಮ ಕಡೆ ಬಂದಿತ್ತು; ಒಕ್ಕಲಿನ ಹೆಸರಿಗೆ ನೆಲ ಆಗುವುದಕ್ಕೆ ಊರವರು ಡಿಕ್ಲರೇಶನ್ ಎನ್ನುತ್ತಿದ್ದರು. ನಾನು ಸಂತೋಷದಿಂದ ಅತ್ತೆ. ಮಾಯಿಗೂ ವಿಷಯ ತಿಳಿಸಿದೆ. ಅವಳು ಕೇಳಿದಳು:

"ನಿಮ್ಮಲ್ಲಿ ಗೊಬ್ಬರ ಹೊತ್ತವರಿಗೇ ನೆಲ ಕೊಟ್ಟರಾ, ಪೋರೀ?"

ಉಳುವವರಿಗೆ ಕಾನೂನು ಬಂತು, ಈ ತೋಟದವರಿಗೆ ಬಿಲ್ಡರ್ ಬಂದ.

ವಸಯಿಯಲ್ಲಿದ್ದ ಮಗಳ ಮನೆಗೆ ಮಾಯಿ ಹೊರಟಳು. ಹೆಂಚು, ಛಾವಣಿಯ ಪಕಾಸು, ಬಾಗಿಲು ಲಾರಿ ಏರಿದವು. ಡ್ರೈವರ್ ಸುಮ್ಮನೆ ಮಾತಿಗೆಂದು "ಗಾಂವಾಲಾ ನಿಘಾಲಾ ಕಾ, ಮಾಯಿ?" ಎಂದ. ಊರಿಗೆ ಹೊರಟಿರಾ ಎಂದು ಕೇಳಿದ್ದು.

"ಹೇಚ್ ಮಾಝಂ ಗಾಂವ್," ಎಂದಳು ಮಾಯಿ. ಇದೇ ನನ್ನ ಊರು. ಲಾರಿ ಹೊರಟಿತು.

ನಾವು ಮುಂಬಯಿಯಲ್ಲೇ ಆಂಟಾಪ್ ಹಿಲ್‌ನ ಕೋಣೆಯೊಂದಕ್ಕೆ ಬಂದೆವು. ಸುತ್ತ ನಮ್ಮ ಕಡೆಯವರೇ. ಆದರೂ ಭಾಷೆ ಬಾರದ ಮಾಹಿಮ್‌ನ ಮೂಕ ದಿನಗಳಿಗಿಂತ ಹೆಚ್ಚು ಒಂಟಿತನ ನನಗೆ ಇಲ್ಲಿ.

ಕಳೆದ ರಜೆಗೆ ಊರಿಗೆ ಹೋಗಿದ್ದೆ. ತಮ್ಮ ಹೊಸ ಜಗಲಿಯಲ್ಲಿ ನಿಂತು, "ಇಲ್ಲೇ ಬಂದು ಇರು ಅಕ್ಕ, ಈಗ ಎಲ್ಲ ನಮ್ದೇ ಅಲ್ವಾ?" ಎಂದ. ಹೂಂ ಎಂದೆ. ಹೊರಡುವ ದಿನ ಬಸ್ಸು ಹತ್ತುತ್ತಾ, "ಮನೆಗೆ ಮುಟ್ಟಿದ ಮೇಲೆ ಕಾಗದ ಹಾಕ್ತೇನೆ," ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ತಮ್ಮನ ಮುಖ ಸಣ್ಣದಾಯಿತು.

ಬಸ್ಸು ಹೊರಟ ಮೇಲೆ ಅಳು ಬಂತು, ತಮ್ಮನಿಗಾಗಿ ಅಲ್ಲ. ನನಗೆ ಎರಡೂ ಕಡೆ ಮನೆ. ಮಾಯಿಗೆ ಇದ್ದದ್ದು ಒಂದು. ಅದನ್ನೂ ಬಿಚ್ಚಿ ಲಾರಿಗೆ ಹೇರಿದ್ದೆವು.