ಚಕ್ ತಾನಾಗಿ ನಿಲ್ಲುವವರೆಗೆ

ನನ್ನ ಅಕ್ಕನಿಗೆ ಮೂಗಿನ ತುದಿಯಲ್ಲಿ ಕೋಪ ಎಂದರೆ ಕಡಿಮೆ ಹೇಳಿದ ಹಾಗಾಗುತ್ತದೆ. ಮೂಗು ಎಲ್ಲಿ ಮುಗಿದು ಕೋಪ ಎಲ್ಲಿ ಶುರುವಾಗುತ್ತದೆ ಎಂಬುದು ಹೆತ್ತ ಅಮ್ಮನಿಗೇ ಗೊತ್ತಾಗಿರಲಿಲ್ಲ. ವರ್ಕ್‌ಶಾಪಿನಲ್ಲಿ ಅವಳಿಗೆ ಸಿಡಿಗುಂಡು ಎಂದು ಹೆಸರು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನು ನಡೆಸುತ್ತಿರುವ ಹೆಂಗಸು ಅವಳೊಬ್ಬಳೇ. ಅವಳು ಕಡೆದ ತುಂಡುಗಳ ಅಳತೆ ನೋಡುವುದು ನನ್ನ ಕೆಲಸ. ಹಾಗಾಗಿ ಅವಳ ಬೈಗುಳದ ಮೊದಲ ಪಾಲು ಮನೆಯಲ್ಲೂ ನನಗೇ, ಕೆಲಸದಲ್ಲೂ ನನಗೇ.

ಲೇತ್‌ನವರಿಗೆ ಒಂದು ಕೆಟ್ಟ ಚಾಳಿಯಿದೆ. ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ತಿರುಗುವ ಉಕ್ಕಿನ ಚಕ್ರಕ್ಕೆ ಚಕ್ ಎನ್ನುತ್ತಾರೆ. ಸ್ವಿಚ್ ಆರಿಸಿದ ಮೇಲೂ ಅದು ತಿರುಗುತ್ತಲೇ ಇರುತ್ತದೆ. ಅಕ್ಕನ ಮಷೀನು ಹಳೆಯದು, ಬ್ರೇಕ್ ಇಲ್ಲ; ಪೂರ್ತಿ ನಿಲ್ಲಲು ನಲವತ್ತು ಸೆಕೆಂಡು ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಅಂಗೈ ಒತ್ತಿ ನಿಲ್ಲಿಸುತ್ತಾರೆ. ಅಕ್ಕನದು ಒಂದೇ ಏಟಿಗೆ ಮೂರು ಕೆಲಸ: ಎಡಗೈ ಚಕ್ ಮೇಲೆ, ಬಲಗೈ ತಂಬಾಕಿನ ಡಬ್ಬಿಯಲ್ಲಿ, ಬಾಯಿ ಯಾರದೋ ಮೇಲೆ. ಬೈಯಲು ಯಾರೂ ಸಿಗದಿದ್ದರೆ ತನ್ನನ್ನೇ ಬೈದುಕೊಳ್ಳುವಳು. ತುಂಡೊಂದು ಕೂದಲೆಳೆಯಷ್ಟು ಹೆಚ್ಚು ಸವೆದರೂ ಸಾಕು, ನನ್ನ ಹಣೆಬರಹವೇ ಇಷ್ಟು ಎಂದು ದಿನವಿಡೀ ಅದೇ ರಾಗ.

ಒಂದು ದಿನ ಚಕ್‌ಗೆ ಅಂಟಿಕೊಂಡಿದ್ದ ಕಬ್ಬಿಣದ ಸಿಬಿರು ಅಂಗೈಯನ್ನು ಸೀಳಿತು. ಒಂಬತ್ತು ಹೊಲಿಗೆ. ವರ್ಕ್‌ಶಾಪಿನ ಯಜಮಾನರು ಎಲ್ಲರೆದುರೇ ಹೇಳಿಬಿಟ್ಟರು: ಮೂರು ತಿಂಗಳೊಳಗೆ ಕೈಯೂ ಬಾಯಿಯೂ ಹಿಡಿತಕ್ಕೆ ಬರಬೇಕು, ಇಲ್ಲದಿದ್ದರೆ ಲೇತ್ ಬೇರೆಯವರಿಗೆ, ಅವಳು ಪ್ಯಾಕಿಂಗ್ ಕೋಣೆಗೆ. ಅವಳ ಪಕ್ಕದ ಮಷೀನಿನವನಿಗೆ ಮೀಸೆ ಎಂದು ಅಡ್ಡಹೆಸರು. ಅವನು ಅಕ್ಕನಿಗೆ ಕೇಳಲಿ ಎಂದೇ, ಪೆಟ್ಟಿಗೆಗೆ ಟೇಪ್ ಅಂಟಿಸುವುದನ್ನು ಈಗಿನಿಂದಲೇ ಕಲಿಯುವುದು ಒಳ್ಳೆಯದು ಎಂದ. ಅಕ್ಕ ಮನೆಗೆ ಬಂದು, ಬ್ಯಾಂಡೇಜಿನ ಕೈಯಲ್ಲಿ ಲೋಟ ಹಿಡಿಯಲಾಗದೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು.

"ಆ ಮಷೀನು ಹೋದ್ರೆ ನಾನು ಯಾರೇ?" ಎಂದಳು. ನಾನು ಲೋಟವನ್ನು ಅವಳ ಬಾಯಿಗೆ ಹಿಡಿದೆ.

ಹೊಲಿಗೆ ಬಿಚ್ಚಿದ ಡಾಕ್ಟರಮ್ಮ, ಕೋಪ ಹತೋಟಿಗೆ ಬರಲು ದಿನಾ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಉಸಿರು ಗಮನಿಸಿ ಎಂದು ಹೇಳಿದ್ದರು. ಅಕ್ಕ ಒಂದು ಬೆಳಿಗ್ಗೆ ಕೂತಳು. ಎರಡೇ ನಿಮಿಷಕ್ಕೆ ಎದ್ದು, ಕಣ್ಣು ಮುಚ್ಚಿದರೆ ಬೈಯಲು ಬಾಕಿ ಉಳಿದವರೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ ಎಂದಳು. ಧ್ಯಾನದ ಕತೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳನ್ನು ಇಷ್ಟು ವರ್ಷ ನೋಡಿಯೂ ಹಾಗಂದುಕೊಂಡಿದ್ದು ನನ್ನ ಪೆದ್ದುತನ.

ಮಾರನೆಯ ದಿನ ಸಂಜೆ ಕೊನೆಯ ತುಂಡು ಮುಗಿಸಿ ಸ್ವಿಚ್ ಆರಿಸಿದವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಚಕ್ ನೋಡುತ್ತಾ ಉಸಿರು ಎಣಿಸಿದಳು. ಅದು ನಿಲ್ಲುವಷ್ಟರಲ್ಲಿ ಹದಿನಾಲ್ಕು ಉಸಿರು. ದಿನಕ್ಕೆ ಒಂದೇ ಸಲ, ಕೊನೆಯ ತುಂಡಿಗೆ ಮಾತ್ರ. ಉಳಿದ ಹೊತ್ತು ಹಳೆಯ ಸಿಡಿಗುಂಡೇ. ಮುಂದಿನ ವಾರ ದಿನಕ್ಕೆ ಎರಡು ತುಂಡು, ಆಮೇಲೆ ನಾಲ್ಕು. ತಂಬಾಕಿನ ಡಬ್ಬಿ ಜೇಬಿನಲ್ಲೇ ಇತ್ತು, ಒಳಗೆ ಮಾತ್ರ ತಂಬಾಕಿನ ಬದಲು ಅವಳೇ ತುಂಬಿದ ಚಿಕ್ಕ ಸ್ಕ್ರೂಗಳು. ಚಟದ ಕೈ ಡಬ್ಬಿಗೆ ಹೋದಾಗಲೆಲ್ಲ ಸ್ಕ್ರೂ ಮುಟ್ಟಿ ಪೆಚ್ಚಾಗಿ ವಾಪಸ್ಸು ಬರುತ್ತಿತ್ತು.

ಮೀಸೆಗೆ ಒಳ್ಳೆಯ ಮನರಂಜನೆ. ಸ್ವಾಮಿನಿಯವರು ಮಷೀನಿನ ಪೂಜೆಗೆ ನಿಂತರು ಎಂದು ದಿನಾ ಒಂದು ಕೊಂಕು. ಆರನೆಯ ವಾರ ಅಕ್ಕನ ಸಹನೆ ಕೈಕೊಟ್ಟಿತು. ಅವನಿಗೆ ಏಳು ತಲೆಮಾರು ನೆನಪಾಗುವಂತೆ ಬೈದು, ಅದೇ ಬಿರುಸಿನಲ್ಲಿ ಅಂಗೈಯನ್ನು ಚಕ್ ಮೇಲೆ ಒತ್ತಿಬಿಟ್ಟಳು. ಹೊಸ ಚರ್ಮ ಸುಲಿಯಿತು. ಯಜಮಾನರು ಅಂದು ಊರಲ್ಲಿರಲಿಲ್ಲ, ಅದೊಂದು ಪುಣ್ಯ. ಇನ್ನು ಇದನ್ನೆಲ್ಲ ಬಿಟ್ಟುಬಿಡುತ್ತಾಳೆ ಎಂದು ನಾನು ಕೈಚೆಲ್ಲಿದ್ದೆ. ದಾರಿಯುದ್ದಕ್ಕೂ ಹಣೆಬರಹದ ರಾಗ ಕೇಳಲು ಕಿವಿಯನ್ನೂ ಸಿದ್ಧ ಮಾಡಿಕೊಂಡಿದ್ದೆ. ಆದರೆ ಅಕ್ಕ ಬಸ್‌ಸ್ಟಾಪಿನಲ್ಲಿ ಅಂಗೈಗೆ ಗಾಳಿ ಊದಿಕೊಳ್ಳುತ್ತಾ ಹೇಳಿದ್ದು ಬೇರೆಯೇ.

"ನಾಳೆಯಿಂದ ಮತ್ತೆ ಒಂದರಿಂದ ಶುರು. ಒಳ್ಳೆಯವಳು ಅನ್ನಿಸ್ಕೊಳ್ಳೋಕಲ್ಲ ಕಣೇ. ನನ್ನ ಕೈ ನನ್ನ ಮಾತು ಕೇಳ್ಬೇಕು, ಅಷ್ಟೇ."

ಕೇಳಿತು. ಗಡುವಿನ ಹನ್ನೆರಡನೆಯ ವಾರಕ್ಕೆ ಪ್ರತಿ ತುಂಡಿಗೂ ಕೈ ಹಿಂದಕ್ಕೆ. ಚಕ್ ಮೊದಲಿನಂತೆಯೇ ನಲವತ್ತು ಸೆಕೆಂಡು ತಿರುಗುತ್ತಿತ್ತು, ಅಕ್ಕನ ಉಸಿರು ಮಾತ್ರ ಹದಿನಾಲ್ಕರಿಂದ ಏಳಕ್ಕೆ ಇಳಿದಿತ್ತು. ಬೈಗುಳ ನಿಂತಿತು ಎಂದರೆ ಸುಳ್ಳಾಗುತ್ತದೆ. ಆದರೆ ಬೈಯುವ ಮೊದಲು ಸ್ವಲ್ಪ ಯೋಚಿಸುತ್ತಿದ್ದಳು, ಹಾಗಾಗಿ ಬೈಗುಳದ ಗುಣಮಟ್ಟ ಏರಿತು. ತನ್ನನ್ನು ಬೈದುಕೊಳ್ಳುವುದನ್ನು ಮಾತ್ರ ಪೂರ್ತಿ ಬಿಟ್ಟಳು. ತುಂಡು ಕೆಟ್ಟರೆ ಪಕ್ಕಕ್ಕಿಟ್ಟು ಇನ್ನೊಂದು ಹಾಕುವಳು.

ಗಡುವಿನ ಕೊನೆಯ ದಿನವೇ ತುರ್ತಿನ ಕೆಲಸ ಬಂತು. ಯಾವುದೋ ಕಾರ್ಖಾನೆಯ ಪಂಪು ಕೆಟ್ಟು ನಿಂತಿತ್ತು; ಅದರೊಳಗೆ ತಿರುಗುವ ಉಕ್ಕಿನ ದಂಡ, ಶಾಫ್ಟ್, ಹೊಸದಾಗಿ ಕಡೆದುಕೊಡಬೇಕಿತ್ತು. ಹೊರಗೆ ಅದನ್ನು ಒಯ್ಯಲು ಬಂದ ಲಾರಿ ಹಾರ್ನ್ ಹೊಡೆಯುತ್ತಿತ್ತು. ಯಜಮಾನರು ಅಕ್ಕನ ಭುಜದ ಹಿಂದೆಯೇ ನಿಂತು ಗಡಿಯಾರ ನೋಡುತ್ತಿದ್ದರು. ಶಾಫ್ಟ್ ಮುಗಿಯಿತು, ಅಕ್ಕ ಸ್ವಿಚ್ ಆರಿಸಿ ಕೈ ಕಟ್ಟಿದಳು. ಬೇಗ ನಿಲ್ಲಿಸು ಎಂದರು ಯಜಮಾನರು. ಅಕ್ಕ ಅಲುಗಲಿಲ್ಲ. ಅವರೂ ಒಂದು ಕಾಲಕ್ಕೆ ಲೇತ್ ನಡೆಸಿದವರೇ. ತಡೆಯಲಾರದೆ, ಗುಂಡಿ ಹಾಕದ ಅಂಗಿತೋಳಿನ ಸಮೇತ ತಮ್ಮ ಕೈಯನ್ನೇ ಚಕ್ ಕಡೆಗೆ ಚಾಚಿದರು.

ಅಕ್ಕ ಅವರ ಮಣಿಕಟ್ಟನ್ನು ಗಪ್ಪನೆ ಹಿಡಿದಳು, ಹೊಲಿಗೆಯ ಗುರುತಿದ್ದ ಎಡಗೈಯಲ್ಲೇ. ಮೀಸೆ ತನ್ನ ಮಷೀನು ಆರಿಸಿ ಇತ್ತ ತಿರುಗಿದ. ಅಕ್ಕ ದನಿ ಎತ್ತಲಿಲ್ಲ.

"ಲಾರಿ ಕಾದ್ರೆ ಅದ್ರ ಬೆರಳೇನೂ ಹೋಗಲ್ಲ ಸಾರ್. ಅದು ತಾನಾಗೇ ನಿಲ್ಲುತ್ತೆ. ನೀವೂ ನಿಲ್ಲಿ."

ಹಾಗೆಯೇ ಹಿಡಿದು ನಿಲ್ಲಿಸಿಕೊಂಡಳು. ಏಳು ಉಸಿರು, ನಾನೂ ಎಣಿಸಿದೆ. ಯಜಮಾನರು ಎಷ್ಟು ಉಸಿರಾಡಿದರೋ ಗೊತ್ತಿಲ್ಲ, ಅವರ ಮುಖ ಮೊದಲು ಕೆಂಪಾಗಿ ಆಮೇಲೆ ಇಳಿಯಿತು. ಚಕ್ ನಿಂತಿತು. ಅಕ್ಕ ಅವರ ಕೈ ಬಿಟ್ಟು, ಶಾಫ್ಟ್ ಬಿಚ್ಚಿ ನನಗೆ ಕೊಟ್ಟಳು. ಅಳತೆ ಕರಾರುವಾಕ್ಕಾಗಿತ್ತು. ಯಜಮಾನರು ಅದನ್ನು ತೆಗೆದುಕೊಂಡು ಹೊರಟರು. ಬಾಗಿಲ ಹತ್ತಿರ ಹೋಗಿದ್ದರು, ಅಕ್ಕ ಕರೆದಳು.

"ಸಾರ್, ಇವತ್ತಿಗೆ ಮೂರು ತಿಂಗಳಾಯ್ತು. ನಾಳೆ ಪ್ಯಾಕಿಂಗ್‌ಗೆ ಯಾರು ಹೋಗ್ಬೇಕು?"

ಅವರು ಬಾಗಿಲಲ್ಲೇ ನಿಂತರು. ಅಕ್ಕ ಉತ್ತರಕ್ಕೆ ಕಾಯದೆ ಮುಂದಿನ ತುಂಡು ಸಿಕ್ಕಿಸಿ ಸ್ವಿಚ್ ಒತ್ತಿದಳು.